ಮುಗಿದ ಯೋಜನೆಯಿಂದ ಕಲಿಯುವ ಸಭೆ: ಕಾರಣ ಹುಡುಕುವ ಮೊದಲು ನಡೆದದ್ದನ್ನು ತಿಳಿಯಿರಿ

ಪ್ರಶ್ನೆ: ನಾನು ಹುಬ್ಬಳ್ಳಿಯ ಮಧ್ಯಮ ಗಾತ್ರದ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಹನ್ನೆರಡು ಜನರ ತಂಡದ ಮುಖ್ಯಸ್ಥೆ. ಪತ್ತಿನ ಸಹಕಾರ ಸಂಘಗಳ ಸಾಲ, ಠೇವಣಿ ಮತ್ತು ಪಿಗ್ಮಿ ವ್ಯವಹಾರಗಳನ್ನು ನೋಡಿಕೊಳ್ಳುವ ತಂತ್ರಾಂಶವನ್ನು ಆರು ಸಂಘಗಳಲ್ಲಿ ಅಳವಡಿಸುವ ಕೆಲಸವನ್ನು ಮೂರು ವಾರಗಳ ಹಿಂದೆ ಮುಗಿಸಿದೆವು. ಒಪ್ಪಿಕೊಂಡಿದ್ದ ದಿನಕ್ಕಿಂತ ಹತ್ತು ವಾರ ತಡವಾಯಿತು. ಹಳೆಯ ಪಿಗ್ಮಿ ಖಾತೆಗಳ ಡೇಟಾ ವರ್ಗಾವಣೆಯಲ್ಲೇ ಬಹಳಷ್ಟು ಸಮಯ ಹೋಯಿತು. ಇದರಿಂದ ಕಲಿಯಬೇಕಾದ ಪಾಠಗಳ ಬಗ್ಗೆ ಒಂದು ಸಭೆ ನಡೆಸಬೇಕೆಂದು ನಮ್ಮ ನಿರ್ದೇಶಕರು ಹೇಳಿದ್ದಾರೆ. ಹೋದ ವರ್ಷ ಇಂಥದ್ದೇ ಸಭೆ ಡೆವಲಪರ್‌ಗಳು ಮತ್ತು ಟೆಸ್ಟಿಂಗ್‌ನವರ ನಡುವಿನ ಜಗಳದಲ್ಲಿ ಮುಗಿದಿತ್ತು. ಕಿರಿಯರು ಬಾಯಿಯೇ ಬಿಡಲಿಲ್ಲ. ಕೊನೆಗೆ ಇಪ್ಪತ್ತು ಅಂಶಗಳ ಪಟ್ಟಿಯೊಂದು ಸಿದ್ಧವಾಯಿತಾದರೂ ಅದನ್ನು ಮತ್ತೆ ಯಾರೂ ತೆರೆದು ನೋಡಲಿಲ್ಲ. ಈ ಬಾರಿ ಸಭೆಯನ್ನು ಯಾರು ನಡೆಸಬೇಕು? ನಿರ್ದೇಶಕರು ಕೂರಬಹುದೇ? ಜಗಳವಾಗದಂತೆ, ಕಿರಿಯರೂ ಮಾತನಾಡುವಂತೆ ಮಾಡುವುದು ಹೇಗೆ? ಕಲಿತದ್ದು ಉಳಿಯುವಂತೆ ಏನು ಮಾಡಬೇಕು? ಸಂಘಗಳವರನ್ನೂ ಕರೆಯಬೇಕೇ?

ಉತ್ತರ: ಹೋದ ವರ್ಷದ ನಿಮ್ಮ ಸಭೆ ಕೆಟ್ಟದ್ದಕ್ಕೆ ನಿಮ್ಮ ತಂಡದವರ ಸ್ವಭಾವ ಕಾರಣವೆಂದು ನನಗೆ ಅನಿಸುವುದಿಲ್ಲ. ಇಂಥ ಸಭೆಗಳು ಸಾಮಾನ್ಯವಾಗಿ ‘ಎಲ್ಲಿ ತಪ್ಪಾಯಿತು, ಹೇಳಿ’ ಎಂಬ ಪ್ರಶ್ನೆಯಿಂದ ಆರಂಭವಾಗುತ್ತವೆ, ನಿಮ್ಮದೂ ಹಾಗೆಯೇ ಆರಂಭವಾಗಿರಬೇಕು. ಆ ಪ್ರಶ್ನೆ ಕೇಳಿದ ಕ್ಷಣದಲ್ಲಿ ಕೋಣೆಯಲ್ಲಿರುವ ಪ್ರತಿಯೊಬ್ಬರ ಮನಸ್ಸಿನಲ್ಲೂ ಒಂದೊಂದು ಕಥೆ ಸಿದ್ಧವಾಗಿರುತ್ತದೆ. ಡೆವಲಪರ್‌ಗಳ ಕಥೆಯಲ್ಲಿ ಟೆಸ್ಟಿಂಗ್‌ನವರು ದೋಷಗಳನ್ನು ತಡವಾಗಿ ತಿಳಿಸಿದವರು. ಟೆಸ್ಟಿಂಗ್‌ನವರ ಕಥೆಯಲ್ಲಿ ಡೆವಲಪರ್‌ಗಳು ಅರೆಬೆಂದ ಕೋಡನ್ನು ಕೊನೆಯ ಗಳಿಗೆಯಲ್ಲಿ ಕೈಗಿಟ್ಟವರು. ಎರಡು ಕಥೆಗಳಲ್ಲೂ ಸತ್ಯದ ಅಂಶವಿರುತ್ತದೆ, ಆದರೆ ಯಾವ ದಿನ ಏನು ನಡೆಯಿತು ಎಂಬ ಬಗ್ಗೆಯೇ ಒಮ್ಮತವಿಲ್ಲದಿರುವಾಗ ಅದು ಏಕೆ ನಡೆಯಿತು ಎಂಬ ಚರ್ಚೆ ವಾದವಾಗದೆ ಬೇರೆ ದಾರಿಯಿಲ್ಲ. ಆದ್ದರಿಂದ ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದು: ಸಭೆಯ ಅರ್ಧದಷ್ಟು ಸಮಯವನ್ನು ‘ಏನು ನಡೆಯಿತು’ ಎಂಬುದನ್ನು ಎಲ್ಲರೂ ಸೇರಿ ಜೋಡಿಸಿಕೊಳ್ಳುವುದಕ್ಕೇ ಮೀಸಲಿಡಿ. ಕಾರಣಗಳ ಚರ್ಚೆ ಅದರ ನಂತರ ಬರಲಿ, ಪರಿಹಾರಗಳ ಮಾತು ಎಲ್ಲಕ್ಕಿಂತ ಕೊನೆಗೆ ಬರಲಿ.

ಈ ಕ್ರಮ ಹೊಸದೇನಲ್ಲ. ಅಮೆರಿಕದ ಭೂಸೇನೆಯಲ್ಲಿ 1970ರ ದಶಕದಲ್ಲಿ ರೂಪುಗೊಂಡು, ಮುಂದಿನ ದಶಕದಲ್ಲಿ ಕ್ಯಾಲಿಫೋರ್ನಿಯಾದ ಫೋರ್ಟ್ ಇರ್ವಿನ್‌ನ ರಾಷ್ಟ್ರೀಯ ತರಬೇತಿ ಕೇಂದ್ರದಲ್ಲಿ ಬೇರೂರಿದ ‘ಆಫ್ಟರ್ ಆ್ಯಕ್ಷನ್ ರಿವ್ಯೂ’ ಎಂಬ ಪದ್ಧತಿಯಲ್ಲಿ ನಾಲ್ಕು ಪ್ರಶ್ನೆಗಳನ್ನು ಇದೇ ಅನುಕ್ರಮದಲ್ಲಿ ಕೇಳಲಾಗುತ್ತದೆ. ಏನಾಗಬೇಕೆಂದು ಯೋಜಿಸಿದ್ದೆವು? ನಿಜವಾಗಿ ಏನಾಯಿತು? ಎರಡರ ನಡುವೆ ಅಂತರವೇಕೆ ಬಂತು? ಮುಂದಿನ ಬಾರಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು? ಆ ಕೇಂದ್ರದಲ್ಲಿ ಅಣಕು ಯುದ್ಧ ಮುಗಿದ ಮೇಲೆ ಯಾವ ತುಕಡಿ ಯಾವ ಹೊತ್ತಿಗೆ ಎಲ್ಲಿತ್ತು ಎಂಬುದರ ದಾಖಲೆ ಎಲ್ಲರ ಮುಂದಿರುತ್ತಿತ್ತು. ಪದವಿಯಲ್ಲಿ ದೊಡ್ಡವರ ನೆನಪೇ ಸರಿಯೆಂದು ಒಪ್ಪಿಕೊಳ್ಳಬೇಕಾದ ಅಗತ್ಯ ಅಲ್ಲಿ ಉಳಿಯುತ್ತಿರಲಿಲ್ಲ. ಅಧಿಕಾರದ ಮೆಟ್ಟಿಲುಗಳು ಅಷ್ಟು ಗಟ್ಟಿಯಾಗಿರುವ ಸೇನೆಯಲ್ಲಿ ಸಾಮಾನ್ಯ ಸೈನಿಕನೂ ಬಾಯಿಬಿಡಲು ಸಾಧ್ಯವಾಗಿದ್ದಕ್ಕೆ ಈ ದಾಖಲೆಯೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ನಿಮ್ಮ ಬಳಿಯೂ ಅಂಥ ದಾಖಲೆಯಿದೆ, ಆದರೆ ಹತ್ತು ಕಡೆ ಚದುರಿಹೋಗಿದೆ. ಇಮೇಲ್‌ಗಳು, ಯೋಜನೆಯ ವಾಟ್ಸ್ಆ್ಯಪ್ ಗುಂಪು, ದೋಷಗಳನ್ನು ದಾಖಲಿಸುವ ವ್ಯವಸ್ಥೆ, ಕೋಡಿನ ಆವೃತ್ತಿಗಳ ಇತಿಹಾಸ, ಸಂಘಗಳಿಗೆ ಹೋಗಿಬಂದವರ ಭೇಟಿ ವರದಿಗಳು, ಒಪ್ಪಂದದ ಮೂಲ ಪ್ರತಿ ಮತ್ತು ಅದಕ್ಕೆ ಆನಂತರ ಸೇರಿದ ತಿದ್ದುಪಡಿಗಳು, ಇವೆಲ್ಲವನ್ನೂ ಒಬ್ಬರು ಕುಳಿತು ನೋಡಿ, ದಿನಾಂಕಗಳ ಕ್ರಮದಲ್ಲಿ ಮುಖ್ಯ ಘಟನೆಗಳನ್ನು ಬರೆಯಬೇಕು. ಎರಡು ದಿನಗಳ ಕೆಲಸವಿದು, ದಯವಿಟ್ಟು ಇದನ್ನು ಉಳಿತಾಯ ಮಾಡಬೇಡಿ. ಬರೆಯುವಾಗ ವಿಶೇಷಣಗಳು ಬೇಡ. ‘ಡೇಟಾ ವರ್ಗಾವಣೆ ತೀರಾ ತಡವಾಗಿ ಶುರುವಾಯಿತು’ ಎಂಬುದು ತೀರ್ಪು. ‘ಮೊದಲ ಸಂಘದ ಹಳೆಯ ಡೇಟಾ ನಮ್ಮ ಕೈಸೇರಿದ್ದು ಇಂಥ ತಾರೀಖು, ಅದನ್ನು ಮೊದಲು ತೆರೆದು ನೋಡಿದ್ದು ಇಂಥ ತಾರೀಖು’ ಎಂಬುದು ಘಟನೆ. ಘಟನೆಗಳನ್ನು ಮಾತ್ರ ಬರೆಯಿರಿ. ಹೀಗೆ ಸಿದ್ಧವಾದ ಕಾಲಪಟ್ಟಿಯನ್ನು ಸಭೆಗೆ ಎರಡು ದಿನ ಮೊದಲೇ ಎಲ್ಲರಿಗೂ ಕಳುಹಿಸಿ, ಬಿಟ್ಟುಹೋದದ್ದನ್ನು ಸೇರಿಸಲು ಹೇಳಿ. ಸಭೆಯ ದಿನ ಅದನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವುದು ಪರದೆಯ ಮೇಲೆ ತೋರಿಸುವುದಕ್ಕಿಂತ ಒಳ್ಳೆಯದು, ಏಕೆಂದರೆ ಗೋಡೆಯ ಹಾಳೆಯ ಮುಂದೆ ಯಾರು ಬೇಕಾದರೂ ಎದ್ದು ಬಂದು ಪೆನ್ನಿನಿಂದ ತಿದ್ದಬಹುದು.

ದಿನ ನಿಗದಿಪಡಿಸುವಾಗ ಒಂದು ಎಚ್ಚರಿಕೆ ಬೇಕು. ನಿಮ್ಮ ಯೋಜನೆ ಮುಗಿದು ಆಗಲೇ ಮೂರು ವಾರಗಳಾಗಿವೆ, ಇನ್ನು ತಡಮಾಡಿದರೆ ನೆನಪು ಮಸುಕಾಗುತ್ತದೆ, ಜನ ಬೇರೆ ಕೆಲಸಗಳಿಗೆ ಹಂಚಿಹೋಗುತ್ತಾರೆ. ಆದರೆ ವಾರ್ಷಿಕ ಅಪ್ರೈಸಲ್ ಹತ್ತಿರದಲ್ಲಿದ್ದರೆ ಅದಕ್ಕೂ ಈ ಸಭೆಗೂ ನಡುವೆ ಸಾಕಷ್ಟು ಅಂತರವಿರಲಿ. ಮುಂದಿನ ವಾರ ಸಂಬಳದ ಏರಿಕೆ ನಿರ್ಧಾರವಾಗಲಿದೆ ಎಂದು ಗೊತ್ತಿರುವ ಯಾರೂ ತಮ್ಮ ಎಡವಟ್ಟನ್ನು ಇಂದು ಎಲ್ಲರೆದುರು ಬಿಚ್ಚಿಡುವುದಿಲ್ಲ, ಹಾಗೆ ನಿರೀಕ್ಷಿಸುವುದೂ ನ್ಯಾಯವಲ್ಲ. ಮೂರು ಗಂಟೆಗಳನ್ನು ಬಿಡುವಾಗಿಟ್ಟು, ನಡುವೆ ಒಂದು ವಿರಾಮ ಕೊಟ್ಟರೆ ಸಾಕು. ಯೋಜನೆಯ ಮಧ್ಯದಲ್ಲಿ ಬೇರೆ ತಂಡಕ್ಕೆ ಹೋದವರನ್ನೂ, ಸಂಘಗಳ ಗುಮಾಸ್ತರಿಗೆ ತರಬೇತಿ ಕೊಟ್ಟ ಕ್ಷೇತ್ರ ಸಿಬ್ಬಂದಿಯನ್ನೂ, ಗ್ರಾಹಕರೊಂದಿಗೆ ದಿನಾಂಕ ಒಪ್ಪಿಕೊಂಡ ಮಾರಾಟ ವಿಭಾಗದವರನ್ನೂ ಮರೆಯದೆ ಕರೆಯಿರಿ. ಗೈರುಹಾಜರಾದವರ ಮೇಲೆ ಭಾರ ಹೊರಿಸುವುದು ಎಲ್ಲರಿಗೂ ಸುಲಭ.

ಇನ್ನು ಸಭೆಯನ್ನು ಯಾರು ನಡೆಸಬೇಕೆಂಬ ಪ್ರಶ್ನೆ. ನೀವು ನಡೆಸಬಾರದು. ಕೆಲಸ ಹಂಚಿದವರು, ದಿನಾಂಕಕ್ಕೆ ಒಪ್ಪಿದವರು, ನಡುವೆ ಆದ್ಯತೆ ಬದಲಿಸಿದವರು ನೀವೇ ಆಗಿರುವಾಗ, ಆ ನಿರ್ಧಾರಗಳೂ ಚರ್ಚೆಗೆ ಬರಲೇಬೇಕಾಗುತ್ತದೆ. ಪ್ರಶ್ನೆ ಕೇಳುವವರೂ ಉತ್ತರಿಸಬೇಕಾದವರೂ ಒಬ್ಬರೇ ಆದರೆ ತಂಡದವರು ಆ ವಿಷಯವನ್ನು ಸುತ್ತುಬಳಸಿ ದಾಟಿಬಿಡುತ್ತಾರೆ. ನಿಮ್ಮದೇ ಸಂಸ್ಥೆಯ ಬೇರೊಂದು ತಂಡದ ಮುಖ್ಯಸ್ಥರನ್ನು, ತಾಳ್ಮೆಯಿಂದ ಕೇಳಿಸಿಕೊಳ್ಳುವ ಗುಣವುಳ್ಳವರನ್ನು ಕೇಳಿಕೊಳ್ಳಿ. ಅವರ ಯೋಜನೆ ಮುಗಿದಾಗ ನೀವು ಅದೇ ಸಹಾಯ ಮಾಡಬಹುದು. ನಡೆಸುವವರಿಗೆ ತಾಂತ್ರಿಕ ವಿವರಗಳು ಪೂರ್ತಿ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಅವರು ಮುಗ್ಧ ಪ್ರಶ್ನೆಗಳನ್ನು ಕೇಳುತ್ತಾರೆ, ಅಂಥ ಪ್ರಶ್ನೆಗಳಿಗೆ ಉತ್ತರಿಸುವಾಗಲೇ ಎಷ್ಟೋ ಸಂಗತಿಗಳು ಹೊರಬರುತ್ತವೆ. ಟಿಪ್ಪಣಿ ಬರೆದುಕೊಳ್ಳಲು ಇನ್ನೊಬ್ಬರಿರಲಿ.

ನಿರ್ದೇಶಕರು ಇಡೀ ಸಭೆಯಲ್ಲಿ ಕೂರುವುದು ಬೇಡ. ಅವರು ಎಷ್ಟೇ ಸಜ್ಜನರಾಗಿರಲಿ, ‘ಸಾರ್’ ಎದುರಿಗಿರುವಾಗ ನಮ್ಮ ಕಚೇರಿಗಳಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ. ಆರಂಭದ ಐದು ನಿಮಿಷ ಮತ್ತು ಕೊನೆಯ ಅರ್ಧ ಗಂಟೆ ಅವರು ಬರಲಿ. ಆರಂಭದಲ್ಲಿ ಅವರು ಹೇಳಬೇಕಾದದ್ದು ಇಷ್ಟೇ: ವಿಳಂಬಕ್ಕೆ ಗ್ರಾಹಕರ ಮುಂದೆ ಉತ್ತರಿಸಬೇಕಾದ ಹೊಣೆ ನನ್ನದು, ಇಲ್ಲಿ ಆಡಿದ ಮಾತು ಯಾರ ಅಪ್ರೈಸಲ್‌ಗೂ ಹೋಗುವುದಿಲ್ಲ. ಈ ಎರಡನೆಯ ಮಾತನ್ನು ಹೇಳಿದ ಮೇಲೆ ಅಕ್ಷರಶಃ ಪಾಲಿಸಬೇಕು. ಒಮ್ಮೆ ಮುರಿದರೂ ಆ ಸಂಸ್ಥೆಯಲ್ಲಿ ಮುಂದಿನ ಹಲವು ವರ್ಷ ಇಂಥ ಸಭೆ ಬರಿಯ ಔಪಚಾರಿಕತೆಯಾಗಿ ಉಳಿಯುತ್ತದೆ.

ನಾಯಕತ್ವದ ಹೊಣೆಯ ಬಗ್ಗೆ ಹೇಳುವಾಗ ನನಗೆ ಇಸ್ರೋದ ಉದಾಹರಣೆಗಿಂತ ಉತ್ತಮವಾದದ್ದು ತೋಚುವುದಿಲ್ಲ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಪ್ರಾಯೋಗಿಕ ಉಡಾವಣೆ ವಿಫಲವಾಗಿ, ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರಾಗಿದ್ದವರು ಎ.ಪಿ.ಜೆ. ಅಬ್ದುಲ್ ಕಲಾಂ. ಅಂದು ಪತ್ರಕರ್ತರನ್ನು ಎದುರಿಸಿ ವೈಫಲ್ಯದ ಹೊಣೆಯನ್ನು ಹೊತ್ತವರು ಇಸ್ರೋದ ಅಧ್ಯಕ್ಷರಾಗಿದ್ದ ಸತೀಶ್ ಧವನ್. ಮುಂದೆ 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಧವನ್ ಅವರು ಪತ್ರಿಕಾಗೋಷ್ಠಿಯನ್ನು ನಡೆಸುವಂತೆ ಕಲಾಂ ಅವರಿಗೇ ಹೇಳಿದರು. ಈ ಪ್ರಸಂಗವನ್ನು ಕಲಾಂ ಅವರೇ ಹಲವು ಬಾರಿ ನೆನಪಿಸಿಕೊಂಡಿದ್ದರಿಂದ ಇದು ಎಲ್ಲರಿಗೂ ಪರಿಚಿತ, ಮತ್ತು ಸಾಮಾನ್ಯವಾಗಿ ಇದನ್ನು ದೊಡ್ಡತನದ ಉದಾಹರಣೆಯಾಗಿ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕೊಂದು ಕಾರ್ಯೋಪಯೋಗಿ ಮುಖವೂ ಇದೆ. ಆ ವೈಫಲ್ಯದ ಮೂಲವನ್ನು ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟದವರೆಗೆ, ಅದರಿಂದ ಸೋರಿದ ನೈಟ್ರಿಕ್ ಆಮ್ಲದವರೆಗೆ ಬೆನ್ನಟ್ಟಬೇಕಾಗಿತ್ತು. ಹೊರಗಿನ ಟೀಕೆಯಿಂದ ರಕ್ಷಣೆ ಸಿಕ್ಕ ತಂಡ ಮಾತ್ರ ಅಂಥ ಸಣ್ಣ ವಿವರಗಳನ್ನು ಮುಚ್ಚಿಡದೆ ಮೇಜಿನ ಮೇಲಿಡಬಲ್ಲದು.

ಈಗ ಸಭೆಯ ಹೃದಯಭಾಗಕ್ಕೆ ಬರೋಣ. ಗೋಡೆಯ ಮೇಲಿನ ಕಾಲಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಒಟ್ಟಾಗಿ ಓದುತ್ತಾ, ಯೋಜಿಸಿದ್ದಕ್ಕೂ ನಡೆದದ್ದಕ್ಕೂ ಅಂತರ ಕಂಡ ಜಾಗಗಳಲ್ಲಿ ಗುರುತು ಹಾಕಿ. ನಿಮ್ಮ ವಿಷಯದಲ್ಲಿ ಪಿಗ್ಮಿ ಖಾತೆಗಳ ವರ್ಗಾವಣೆ ಅಂಥ ದೊಡ್ಡ ಗುರುತಾಗಲಿದೆ. ಅಲ್ಲಿ ಹೀಗಾಗಿತ್ತೆಂದು ಉದಾಹರಣೆಗೆ ಇಟ್ಟುಕೊಳ್ಳಿ: ಒಂದು ಪಿಗ್ಮಿ ಖಾತೆ ಮುಕ್ತಾಯವಾದ ಮೇಲೆ ಅದೇ ಸಂಖ್ಯೆಯನ್ನು ಹೊಸ ಠೇವಣಿದಾರರಿಗೆ ಕೊಡುವ ರೂಢಿ ಕೆಲವು ಸಂಘಗಳಲ್ಲಿತ್ತು, ಹಳೆಯ ಡೇಟಾವನ್ನು ಹೊಸ ವ್ಯವಸ್ಥೆಗೆ ತಂದಾಗ ಇಬ್ಬರ ಜಮೆಗಳು ಒಂದೇ ಖಾತೆಯಲ್ಲಿ ಸೇರಿಕೊಂಡವು, ಬಾಕಿ ತಾಳೆಯಾಗಲಿಲ್ಲ, ಇದು ಗೊತ್ತಾದದ್ದು ಮೂರನೆಯ ಸಂಘದಲ್ಲಿ, ಲೈವ್ ಹೋಗುವುದಕ್ಕೆ, ಅಂದರೆ ಹೊಸ ತಂತ್ರಾಂಶದಲ್ಲಿ ನಿಜವಾದ ವ್ಯವಹಾರ ಆರಂಭವಾಗುವುದಕ್ಕೆ, ಕೆಲವೇ ದಿನಗಳ ಮೊದಲು. ಹೋದ ವರ್ಷದ ರೀತಿಯ ಸಭೆಯಲ್ಲಿ ಇದಕ್ಕೆ ಸಿಗುತ್ತಿದ್ದ ಪಾಠ ‘ಡೇಟಾವನ್ನು ಮೊದಲೇ ಸರಿಯಾಗಿ ಪರಿಶೀಲಿಸಬೇಕು’ ಎಂಬುದು. ಅದು ಸುಳ್ಳಲ್ಲ, ಆದರೆ ಅದರಿಂದ ಏನೂ ಬದಲಾಗುವುದಿಲ್ಲ, ಏಕೆಂದರೆ ಪರಿಶೀಲಿಸಬೇಕೆಂದು ನಿಮ್ಮವರಿಗೆ ಆಗಲೂ ಗೊತ್ತಿತ್ತು.

ಕಾಲಪಟ್ಟಿ ಮುಂದಿದ್ದರೆ ಚರ್ಚೆ ಬೇರೆ ದಾರಿ ಹಿಡಿಯುತ್ತದೆ. ಸಂಖ್ಯೆ ಮರುಬಳಕೆಯಾಗುತ್ತದೆಂಬ ವಿಷಯ ನಮ್ಮಲ್ಲಿ ಯಾರ ಕಿವಿಗಾದರೂ ಮೊದಲು ಬಿದ್ದದ್ದು ಯಾವಾಗ? ಕ್ಷೇತ್ರ ಸಿಬ್ಬಂದಿಯೊಬ್ಬರು ಹೇಳಬಹುದು: ಮೊದಲ ಸಂಘಕ್ಕೆ ಹೋದಾಗಲೇ ಅಲ್ಲಿಯ ಗುಮಾಸ್ತರು ಇದನ್ನು ಹೇಳಿದ್ದರು, ನಾನು ಭೇಟಿ ವರದಿಯಲ್ಲಿ ಬರೆದಿದ್ದೆ. ವರದಿ ಯಾರಿಗೆ ಹೋಯಿತು? ಇಮೇಲಿನ ಲಗತ್ತಾಗಿ ಐದು ಜನರಿಗೆ. ಅಂದು ಆ ಐವರ ಮುಂದೆ ಬೇರೇನಿತ್ತು? ಮಾರ್ಚ್ 31ರ ಬಡ್ಡಿ ಲೆಕ್ಕಾಚಾರ ಸರಿಯಾಗಬೇಕೆಂದು ಸಂಘಗಳು ಒತ್ತಾಯಿಸುತ್ತಿದ್ದವು, ಎಲ್ಲರೂ ಅದರಲ್ಲಿ ಮುಳುಗಿದ್ದರು. ವರದಿಯಲ್ಲಿ ಆ ಸಾಲು ಎಲ್ಲಿತ್ತು? ನಾಲ್ಕನೆಯ ಪುಟದಲ್ಲಿ, ತರಬೇತಿಯ ವಿವರಗಳ ನಡುವೆ. ಈಗ ಕಾಣುತ್ತಿರುವುದು ಯಾರೊಬ್ಬರ ಅಸಡ್ಡೆಯಲ್ಲ. ಕ್ಷೇತ್ರದಲ್ಲಿ ಸಿಕ್ಕ ಮಾಹಿತಿ ಕೋಡ್ ಬರೆಯುವವರ ಕೈಸೇರಲು ಖಚಿತವಾದ ದಾರಿಯೇ ಇರಲಿಲ್ಲ ಎಂಬುದು ಬಯಲಾಗುತ್ತದೆ, ಮತ್ತು ಆ ದಾರಿಯನ್ನು ಮಾಡಿಕೊಡುವುದು ಸಾಧ್ಯವಿರುವ ಕೆಲಸ. ಇದು ಕಲ್ಪಿತ ಉದಾಹರಣೆ, ನಿಮ್ಮಲ್ಲಿ ನಡೆದದ್ದು ಬೇರೆಯೇ ಇರಬಹುದು; ಪ್ರಶ್ನೆಗಳು ಒಂದರ ಹಿಂದೊಂದು ಹೇಗೆ ಸಾಗಬೇಕೆಂಬುದಷ್ಟನ್ನು ಇದರಿಂದ ಗಮನಿಸಿ.

ಆ ಪ್ರಶ್ನೆಗಳಲ್ಲಿ ‘ನೀವೇಕೆ ಓದಲಿಲ್ಲ’ ಎಂಬುದಿಲ್ಲ. ಹಾಗೆ ಕೇಳಿದರೆ ಸಮರ್ಥನೆ ಹೊರಡುತ್ತದೆ. ‘ಆ ದಿನ ನಿಮ್ಮ ಮುಂದೆ ಏನಿತ್ತು, ನಿಮಗೆ ಏನು ಗೊತ್ತಿತ್ತು, ಯಾವುದು ತುರ್ತೆಂದು ಕಾಣುತ್ತಿತ್ತು’ ಎಂದು ಕೇಳಿದರೆ ಮಾಹಿತಿ ಹೊರಡುತ್ತದೆ. ಇದು ಕೇವಲ ಸೌಜನ್ಯದ ಮಾತೆಂದು ದಯವಿಟ್ಟು ತಿಳಿಯಬೇಡಿ, ಇದರ ಹಿಂದೆ ಮನಃಶಾಸ್ತ್ರದ ಗಟ್ಟಿ ಆಧಾರವಿದೆ. 1975ರಲ್ಲಿ ಬರೂಕ್ ಫಿಷ್‌ಹಾಫ್ ಎಂಬ ಮನಃಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ, 1814ರ ಬ್ರಿಟಿಷ್-ಗೂರ್ಖಾ ಸಂಘರ್ಷದ ವಿವರಣೆಯನ್ನು ಹಲವು ಗುಂಪುಗಳಿಗೆ ಓದಲು ಕೊಡಲಾಯಿತು. ಒಂದು ಗುಂಪಿಗೆ ಬ್ರಿಟಿಷರು ಗೆದ್ದರೆಂದು, ಇನ್ನೊಂದಕ್ಕೆ ಗೂರ್ಖಾಗಳು ಗೆದ್ದರೆಂದು, ಮತ್ತೆ ಕೆಲವಕ್ಕೆ ಯಾರೂ ಗೆಲ್ಲಲಿಲ್ಲವೆಂದು ಹೇಳಲಾಯಿತು. ಒಂದು ಗುಂಪಿಗೆ ಫಲಿತಾಂಶವನ್ನೇ ಹೇಳಲಿಲ್ಲ. ಯಾವ ಗುಂಪಿಗೆ ಯಾವ ಫಲಿತಾಂಶವನ್ನು ತಿಳಿಸಲಾಗಿತ್ತೋ, ಆ ಗುಂಪಿನವರಿಗೆ ಅದೇ ಫಲಿತಾಂಶ ಆರಂಭದಿಂದಲೂ ಹೆಚ್ಚು ಸಂಭವನೀಯವಾಗಿತ್ತೆಂದು ತೋರಿತು. ಫಲಿತಾಂಶ ತಿಳಿದ ಮೇಲೆ, ತಿಳಿಯುವ ಮೊದಲಿನ ಮನಃಸ್ಥಿತಿಗೆ ಹಿಂದಿರುಗುವುದು ಮನುಷ್ಯನಿಗೆ ಬಹಳ ಕಷ್ಟ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆಯನ್ನು ನಾವು ಬೇರೆಯವರನ್ನು ಹಳಿಯಲು ಬಳಸುತ್ತೇವೆ. ಆದರೆ ಆ ತಡವಾಗಿ ಬಂದ ಬುದ್ಧಿಯಿಂದಲೇ ಹಿಂದಿನ ನಿರ್ಧಾರಗಳನ್ನು ಅಳೆಯುವುದು ನಮ್ಮೆಲ್ಲರ ಅಭ್ಯಾಸ. ಸಭೆ ನಡೆಸುವವರು ಪದೇ ಪದೇ ಎಲ್ಲರನ್ನೂ ‘ಆ ದಿನ’ಕ್ಕೆ ಕರೆದುಕೊಂಡು ಹೋಗಬೇಕಾದದ್ದು ಇದೇ ಕಾರಣಕ್ಕೆ.

ಕಿರಿಯರ ಮೌನದ ಬಗ್ಗೆ ನೀವು ಕೇಳಿದ್ದೀರಿ. ಅದನ್ನು ಅವರ ಸಂಕೋಚವೆಂದು ಬಿಟ್ಟುಬಿಡಬೇಡಿ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು ಆಸ್ಪತ್ರೆಗಳ ಶುಶ್ರೂಷಾ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ತಂಡಗಳಲ್ಲಿ ತಪ್ಪುಗಳು ಕಡಿಮೆಯಿರುತ್ತವೆಂಬುದು ಅವರ ನಿರೀಕ್ಷೆಯಾಗಿತ್ತು. ಕಂಡದ್ದು ಅದಕ್ಕೆ ವಿರುದ್ಧ: ಮುಖ್ಯಸ್ಥರು ಮತ್ತು ಸಿಬ್ಬಂದಿಯ ನಡುವೆ ಒಳ್ಳೆಯ ಸಂಬಂಧವಿದ್ದ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚಾಗಿದ್ದವು. ಆ ತಂಡಗಳವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ಹೇಳಿಕೊಳ್ಳಲು ಹೆದರುತ್ತಿರಲಿಲ್ಲ ಎಂಬ ವಿವರಣೆ ಅದರಿಂದ ಹೊಮ್ಮಿತು. ಹಾಗಾಗಿ ಯಾರೂ ಏನನ್ನೂ ಹೇಳದ ಸಭೆಯನ್ನು ನೋಡಿ ನಮ್ಮಲ್ಲಿ ಎಲ್ಲವೂ ಸರಿಯಿದೆ ಎಂದು ಸಮಾಧಾನಪಡುವಂತಿಲ್ಲ.

ಮಾತನಾಡಿಸುವುದಕ್ಕೆ ಮೂರು ಉಪಾಯಗಳು ನನಗೆ ಬಹಳ ಉಪಯೋಗಕ್ಕೆ ಬಂದಿವೆ. ಚರ್ಚೆಗೆ ಮೊದಲು ಹತ್ತು ನಿಮಿಷ ಎಲ್ಲರೂ ಮೌನವಾಗಿ ಚೀಟಿಗಳ ಮೇಲೆ ಬರೆಯಲಿ: ಈ ಯೋಜನೆಯಲ್ಲಿ ನನಗೆ ಮಾತ್ರ ಗೊತ್ತಿದ್ದ, ಬೇರೆಯವರಿಗೆ ಗೊತ್ತಿಲ್ಲದೇ ಇದ್ದಿರಬಹುದಾದ ಒಂದು ಸಂಗತಿ ಯಾವುದು? ಚೀಟಿಗಳನ್ನು ನಡೆಸುವವರೇ ಸಂಗ್ರಹಿಸಿ, ಹೆಸರು ಹೇಳದೆ ಕಾಲಪಟ್ಟಿಯ ಸೂಕ್ತ ಜಾಗದಲ್ಲಿ ಅಂಟಿಸಲಿ. ಎರಡನೆಯದು, ಮಾತಿನ ಸರದಿ ಕಿರಿಯರಿಂದ ಆರಂಭವಾಗಿ ಹಿರಿಯರಲ್ಲಿ ಮುಗಿಯಲಿ. ಹಿರಿಯರು ಒಮ್ಮೆ ತಮ್ಮ ಅಭಿಪ್ರಾಯ ಹೇಳಿದ ಮೇಲೆ ಅದಕ್ಕೆ ವಿರುದ್ಧವಾದದ್ದನ್ನು ನಮ್ಮಲ್ಲಿ ಯಾವ ಕಿರಿಯರೂ ಹೇಳುವುದಿಲ್ಲ. ಮೂರನೆಯದು, ಸಭೆ ಕನ್ನಡದಲ್ಲಿ ನಡೆಯಲಿ. ತಾಂತ್ರಿಕ ಪದಗಳು ಇಂಗ್ಲಿಷಿನವೇ ಇರಲಿ, ಅದರಿಂದ ಅಡ್ಡಿಯಿಲ್ಲ. ಆದರೆ ‘ಆಗ ನನಗೆ ಅನುಮಾನ ಬಂದಿತ್ತು, ಆದರೂ ಹೇಳಲಿಲ್ಲ’ ಎಂಬಂಥ ಸೂಕ್ಷ್ಮ ಮಾತನ್ನು ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದ ಹುಡುಗನೋ ಹುಡುಗಿಯೋ ತಡವರಿಸದೆ ಹೇಳಬೇಕಾದರೆ, ಅದು ಅವರು ಮನೆಯಲ್ಲಿ ಆಡುವ ಭಾಷೆಯಲ್ಲೇ ಆಗಬೇಕು. ತಂಡದಲ್ಲಿ ಕನ್ನಡ ಬಾರದವರೊಬ್ಬರಿದ್ದರೆ ಅವರ ಪಕ್ಕ ಕುಳಿತು ತಿಳಿಸಿಹೇಳಲು ಒಬ್ಬರನ್ನು ಗೊತ್ತುಮಾಡಿ.

ಇಷ್ಟಾದರೂ ಡೆವಲಪರ್‌ಗಳು ಮತ್ತು ಟೆಸ್ಟಿಂಗ್‌ನವರ ನಡುವೆ ಕಾವೇರಬಹುದು. ಆಗ ನಡೆಸುವವರು ಇಬ್ಬರನ್ನೂ ಸುಮ್ಮನಾಗಿಸುವ ಬದಲು ಗೋಡೆಯ ಹಾಳೆಯ ಬಳಿಗೆ ಕರೆದು, ನೀವು ಹೇಳುತ್ತಿರುವುದು ಇದರಲ್ಲಿ ಯಾವ ತಾರೀಖಿನದು ಎಂದು ಕೇಳಲಿ. ‘ಯಾವಾಗಲೂ ಹೀಗೇ ಮಾಡುತ್ತಾರೆ’ ಎಂಬ ಮಾತಿಗೆ ತಾರೀಖು ಇರುವುದಿಲ್ಲ, ಆದ್ದರಿಂದ ಅದು ಅಲ್ಲೇ ನಿಲ್ಲುತ್ತದೆ. ತಾರೀಖು ಇರುವ ಮಾತು ಚರ್ಚೆಗೆ ಯೋಗ್ಯ. ನಿಜವಾಗಿಯೂ ಒಬ್ಬರ ಕರ್ತವ್ಯಲೋಪವೇ ಕಾರಣವಾಗಿದ್ದರೆ ಏನು ಮಾಡಬೇಕೆಂದು ನೀವು ಕೇಳಬಹುದು. ಅದು ನೀವು ಮತ್ತು ಆ ವ್ಯಕ್ತಿ ಇಬ್ಬರೇ ಕುಳಿತು ಆಡಬೇಕಾದ ಮಾತು, ಈ ಸಭೆಯದ್ದಲ್ಲ. ಆದರೆ ಅಂಥ ತೀರ್ಮಾನಕ್ಕೆ ಬರುವ ಮೊದಲು ಒಂದನ್ನು ಯೋಚಿಸಿ: ಅದೇ ಸ್ಥಾನದಲ್ಲಿ, ಅದೇ ಮಾಹಿತಿ ಮತ್ತು ಅದೇ ಒತ್ತಡದಲ್ಲಿ ಇನ್ನೊಬ್ಬ ಸಮರ್ಥರಿದ್ದರೆ ಬೇರೆ ರೀತಿ ನಡೆದುಕೊಳ್ಳುತ್ತಿದ್ದರೇ? ಬಹುಮಟ್ಟಿಗೆ ಉತ್ತರ ‘ಇಲ್ಲ’ ಎಂದೇ ಬರುತ್ತದೆ.

ಚೆನ್ನಾಗಿ ನಡೆದದ್ದನ್ನೂ ಇದೇ ಶ್ರದ್ಧೆಯಿಂದ ನೋಡಿ. ನಾಲ್ಕನೆಯ ಸಂಘದಿಂದ ಮುಂದೆ ವರ್ಗಾವಣೆ ಬೇಗ ಮುಗಿದಿದ್ದರೆ ಅದಕ್ಕೆ ಯಾರೋ ಬರೆದ ಚಿಕ್ಕ ತಪಾಸಣಾ ಪ್ರೋಗ್ರಾಂ ಕಾರಣವಿರಬಹುದು. ಅದು ಇನ್ನೂ ಅವರ ಲ್ಯಾಪ್‌ಟಾಪ್‌ನಲ್ಲೇ ಉಳಿದಿದ್ದರೆ ಅವರು ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ.

ಈಗ ನಿಮ್ಮ ಇಪ್ಪತ್ತು ಅಂಶಗಳ ಪಟ್ಟಿಯ ವಿಷಯ. ‘ಸಂವಹನ ಸುಧಾರಿಸಬೇಕು’, ‘ಇನ್ನಷ್ಟು ಎಚ್ಚರ ವಹಿಸಬೇಕು’ ಎಂಬಂಥವು ಅದರಲ್ಲಿ ಬಹಳ ಇದ್ದಿರಬೇಕು. ಇವು ಪಾಠಗಳಲ್ಲ, ಹಾರೈಕೆಗಳು. ಪಾಠವು ವಿನ್ಯಾಸದ ಬದಲಾವಣೆಯಾಗಿ ಇಳಿದರೆ ಹೇಗಿರುತ್ತದೆ ಎಂಬುದಕ್ಕೆ ಮತ್ತೆ ಇಸ್ರೋವನ್ನೇ ನೋಡಬಹುದು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯುವಾಗ ಅಪ್ಪಳಿಸಿತು. ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ಕೊಟ್ಟವು, ಆ ವ್ಯತ್ಯಾಸ ಸೇರುತ್ತಾ ಹೋಯಿತು, ಅದನ್ನು ಸರಿಪಡಿಸಲು ಲ್ಯಾಂಡರ್ ವೇಗವಾಗಿ ತಿರುಗಬೇಕಾದಾಗ ಅದಕ್ಕಿದ್ದ ಮಿತಿ ಅಡ್ಡಬಂತು, ಜೊತೆಗೆ ಇಳಿಯಲು ಗೊತ್ತುಮಾಡಿದ್ದ ಜಾಗ 500 ಮೀಟರ್ ಉದ್ದಗಲದಷ್ಟು ಕಿರಿದಾಗಿತ್ತು ಎಂದು ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಆನಂತರ ವಿವರಿಸಿದರು. ಚಂದ್ರಯಾನ-3ರಲ್ಲಿ ಆ ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಲಾಯಿತು. ಕಾಲುಗಳನ್ನು ಬಲಪಡಿಸಲಾಯಿತು, ಇಂಧನ ಹೆಚ್ಚಿಸಲಾಯಿತು, ವೇಗ ಅಳೆಯಲು ಲೇಸರ್ ಉಪಕರಣವೊಂದನ್ನು ಸೇರಿಸಲಾಯಿತು. ಯಾವುದು ವಿಫಲವಾಗಬಹುದೋ ಅದನ್ನು ಮೊದಲೇ ಎಣಿಸಿ, ಆಗಲೂ ಇಳಿಯುವಂತೆ ವಿನ್ಯಾಸ ಮಾಡಿದೆವೆಂದು ಸೋಮನಾಥ್ ಹೇಳಿದ್ದರು. 2023ರ ಆಗಸ್ಟ್ 23ರಂದು ಅದು ಇಳಿಯಿತು. ಆ ಬದಲಾವಣೆಗಳಲ್ಲಿ ಒಂದೂ ‘ಮುಂದಿನ ಬಾರಿ ಎಚ್ಚರದಿಂದ ಇಳಿಸಬೇಕು’ ಎಂಬ ರೂಪದಲ್ಲಿರಲಿಲ್ಲ.

ನಿಮ್ಮ ಸಭೆಯೂ ಹೆಚ್ಚೆಂದರೆ ಮೂರು ಬದಲಾವಣೆಗಳನ್ನು ಆರಿಸಿಕೊಳ್ಳಲಿ. ಪ್ರತಿಯೊಂದೂ ಜನರ ನೆನಪಿನಲ್ಲಿ ಅಲ್ಲ, ಕೆಲಸ ಹರಿಯುವ ಯಾವುದಾದರೂ ವಸ್ತುವಿನೊಳಗೆ ಸೇರಿಕೊಳ್ಳಬೇಕು: ಭೇಟಿ ವರದಿಯ ನಮೂನೆಯೊಳಗೆ, ಅಂದಾಜು ಪಟ್ಟಿಯೊಳಗೆ, ಒಪ್ಪಂದದ ಕರಡಿನೊಳಗೆ. ಮೇಲಿನ ಉದಾಹರಣೆಯನ್ನೇ ತೆಗೆದುಕೊಂಡರೆ, ಭೇಟಿ ವರದಿಯ ಮೊದಲ ಪುಟದಲ್ಲಿ ‘ಇಲ್ಲಿಯ ರೂಢಿಗಳಲ್ಲಿ ನಮ್ಮ ತಂತ್ರಾಂಶಕ್ಕೆ ಹೊಂದದವು’ ಎಂಬ ಕಡ್ಡಾಯ ಅಂಕಣ ತೆರೆದು, ಅದರಲ್ಲಿ ಬರೆದ ಪ್ರತಿ ಸಾಲೂ ದೋಷಗಳ ಪಟ್ಟಿಯಲ್ಲಿ ಒಂದು ನಮೂದಾಗಬೇಕೆಂದು ಗೊತ್ತುಮಾಡಬಹುದು. ಹಾಗೆಯೇ, ಪ್ರತಿ ಸಂಘದ ಹಳೆಯ ಡೇಟಾದ ಒಂದು ಮಾದರಿಯನ್ನು ತಂದು ಪ್ರಾಯೋಗಿಕವಾಗಿ ವರ್ಗಾಯಿಸಿ ನೋಡುವವರೆಗೆ ಲೈವ್ ದಿನಾಂಕವನ್ನು ಒಪ್ಪಿಕೊಳ್ಳುವುದಿಲ್ಲವೆಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸಬಹುದು. ಈ ಎರಡನೆಯದು ನಿಮ್ಮ ತಂಡದ ಕೈಯಲ್ಲಿಲ್ಲ, ಮಾರಾಟ ವಿಭಾಗವೂ ನಿರ್ದೇಶಕರೂ ಒಪ್ಪಬೇಕು. ಕೊನೆಯ ಅರ್ಧ ಗಂಟೆಗೆ ನಿರ್ದೇಶಕರು ಬರುವುದು ಇಂಥದ್ದಕ್ಕಾಗಿಯೇ. ತಂಡದವರು ಮೂರು ಬದಲಾವಣೆಗಳನ್ನು ಅವರ ಮುಂದಿಡಲಿ. ಅವರು ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಅಲ್ಲೇ ಹೇಳಲಿ. ಇಲ್ಲವೆಂದರೆ ಕಾರಣ ತಿಳಿಸಲಿ. ‘ನೋಡೋಣ’ ಎಂಬ ಉತ್ತರ ಬಂದರೆ ಎಷ್ಟನೆಯ ತಾರೀಖಿಗೆ ನೋಡುವುದೆಂದು ಕೇಳಿ ಬರೆದುಕೊಳ್ಳಿ.

ಒಪ್ಪಿಗೆಯಾದ ಬದಲಾವಣೆಗೆ ಒಬ್ಬರ ಹೆಸರು ಮತ್ತು ಒಂದು ದಿನಾಂಕ ಇರಬೇಕು. ‘ತಂಡ’ ಎಂಬ ಹೆಸರು ಸಲ್ಲದು. ಆರು ವಾರಗಳ ನಂತರ ಅರ್ಧ ಗಂಟೆಯ ಇನ್ನೊಂದು ಸಭೆಯನ್ನು ಈಗಲೇ ಕ್ಯಾಲೆಂಡರ್‌ನಲ್ಲಿ ಹಾಕಿಬಿಡಿ. ಟಿಪ್ಪಣಿ ಒಂದೇ ಪುಟದಲ್ಲಿರಲಿ, ಮುಂದಿನ ಯೋಜನೆಯ ಮೊದಲ ದಿನದ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದುವುದು ನಿಮ್ಮಲ್ಲಿ ನಿಯಮವಾಗಲಿ. ಕಲಿತದ್ದು ಕಾಗದದಲ್ಲಿದ್ದ ಮಾತ್ರಕ್ಕೆ ಸಂಸ್ಥೆಯಲ್ಲಿ ಉಳಿಯುವುದಿಲ್ಲ ಎಂಬುದಕ್ಕೆ ನಾಸಾದಂಥ ಸಂಸ್ಥೆಯೂ ಬಹಳ ದೊಡ್ಡ ಬೆಲೆ ತೆತ್ತಿದೆ. 1986ರಲ್ಲಿ ಚಾಲೆಂಜರ್ ನೌಕೆ ನಾಶವಾದ ಮೇಲೆ ವಿಸ್ತಾರವಾದ ತನಿಖೆ ನಡೆದು ಶಿಫಾರಸುಗಳು ಬಂದವು. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ನಾಶವಾಗಿ, ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು. ಆಗ ತನಿಖೆ ನಡೆಸಿದ ಮಂಡಳಿಯು ಚಾಲೆಂಜರ್ ದುರಂತಕ್ಕೆ ಕಾರಣವಾಗಿದ್ದ ಸಾಂಸ್ಥಿಕ ದೋಷಗಳು ಸರಿಯಾಗಿರಲಿಲ್ಲ ಎಂದು ಹೇಳಿತು. ನಮ್ಮ ಕೆಲಸಗಳಲ್ಲಿ ಪ್ರಾಣಹಾನಿ ಇಲ್ಲದಿರಬಹುದು, ಆದರೆ ದಿನದ ದುಡಿಮೆಯಲ್ಲಿ ಉಳಿಸಿ ಪಿಗ್ಮಿ ಕಟ್ಟುವ ತರಕಾರಿ ಮಾರುವವರ ಹಣದ ಲೆಕ್ಕ ನಿಮ್ಮ ತಂತ್ರಾಂಶದಲ್ಲಿದೆ. ಅದು ಇಷ್ಟು ಶ್ರಮಕ್ಕೆ ಯೋಗ್ಯವಾದ ಕೆಲಸವೆಂದು ನಾನು ನಂಬುತ್ತೇನೆ.

ಸಂಘಗಳವರನ್ನು ಈ ಸಭೆಗೆ ಕರೆಯಬೇಡಿ. ಗ್ರಾಹಕರ ಮುಂದೆ ನಿಮ್ಮವರು ಸಂಸ್ಥೆಯ ಮಾನ ಕಾಯಲು ನೋಡುತ್ತಾರೆ, ಅದು ಸಹಜ. ಆದರೆ ಅವರ ಕಡೆಯ ಸಂಗತಿ ಇಲ್ಲದೆ ಕಾಲಪಟ್ಟಿ ಅಪೂರ್ಣ. ಆದ್ದರಿಂದ ಸಭೆಗೆ ಮೊದಲು ನಿಮ್ಮ ಪೈಕಿ ಇಬ್ಬರು, ಸಾಧ್ಯವಾದರೆ ಒಬ್ಬ ಡೆವಲಪರ್ ಮತ್ತು ಒಬ್ಬ ಟೆಸ್ಟಿಂಗ್‌ನವರು ಜೊತೆಯಾಗಿ, ಎರಡು ಮೂರು ಸಂಘಗಳಿಗೆ ಹೋಗಿ ಬರಲಿ. ಕಾರ್ಯದರ್ಶಿಗಳನ್ನು ಮಾತನಾಡಿಸಿದ ಮೇಲೆ ಕೌಂಟರಿನಲ್ಲಿ ಕೂರುವ ಗುಮಾಸ್ತರನ್ನೂ, ಸಂಜೆ ಹಣ ಕಟ್ಟಲು ಬರುವ ಪಿಗ್ಮಿ ಏಜೆಂಟರನ್ನೂ ಮಾತನಾಡಿಸಲಿ. ಹೊಸ ವ್ಯವಸ್ಥೆ ಬಂದ ಮೇಲೂ ಅವರು ಪಕ್ಕದಲ್ಲಿ ಕೈಬರಹದ ಪುಸ್ತಕ ಇಟ್ಟುಕೊಂಡಿದ್ದಾರೆಯೇ, ಇಟ್ಟುಕೊಂಡಿದ್ದರೆ ಅದರಲ್ಲಿ ಏನನ್ನು ಬರೆಯುತ್ತಾರೆ ಎಂದು ವಿಚಾರಿಸಲಿ; ತಂತ್ರಾಂಶ ಎಲ್ಲಿ ಸೋತಿದೆ ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕ ಸಾಕ್ಷಿ ಸಿಗುವುದಿಲ್ಲ. ಆಂತರಿಕ ಸಭೆ ಮುಗಿದು ಮೂರು ಬದಲಾವಣೆಗಳು ತೀರ್ಮಾನವಾದ ಮೇಲೆ, ಸಂಘಗಳಿಗೆ ಸಂಬಂಧಿಸಿದ ಭಾಗವನ್ನಷ್ಟೇ ಒಂದು ಪತ್ರದಲ್ಲಿ ಬರೆದು, ನಿರ್ದೇಶಕರ ಸಹಿಯೊಂದಿಗೆ ಆರೂ ಸಂಘಗಳ ಆಡಳಿತ ಮಂಡಳಿಗೆ ಕಳುಹಿಸಿ. ವಿಳಂಬಕ್ಕೆ ಕಾರಣವೇನು, ಏನನ್ನು ಬದಲಿಸುತ್ತಿದ್ದೇವೆ, ಅವರಿಂದ ಏನು ಬೇಕು ಎಂಬ ಮೂರು ವಿಷಯಗಳು ಆ ಪತ್ರದಲ್ಲಿದ್ದರೆ ಸಾಕು.